ಹಸನಾಕನ ಲಾರಿಗೆ ಮೂಗು ಬಂದದ್ದು

ಧೈರ್ಯಸ್ಥರಿಗೇ ಅಪಾಯ ಹೆಚ್ಚು ಎಂದು ಹೇಳುವವರಿದ್ದಾರೆ. ನನ್ನ ಅನುಭವ ಬೇರೆ. ಈ ಲೋಕದ ಅಪಾಯವೆಲ್ಲ ನನ್ನಂಥ ಪುಕ್ಕಲರಿಗೇ ಮೀಸಲು. ಧೈರ್ಯವಿದ್ದವನು "ಆಗುವುದಿಲ್ಲ" ಎಂದು ಒಂದು ಮಾತು ಹೇಳಿ ಮನೆಗೆ ಹೋಗಿ ಉಂಡು ಮಲಗುತ್ತಾನೆ. ಪುಕ್ಕಲನಿಗೆ ಆ ಮಾತು ಗಂಟಲು ದಾಟುವುದೇ ಇಲ್ಲ. ಯಾರು ಏನು ಕೇಳಿದರೂ ಹ್ಞೂಂಗುಟ್ಟಿ, ಆಮೇಲೆ ಎಲ್ಲ ಸುತ್ತಿಕೊಂಡಾಗ ಕಣ್ಣು ಕಣ್ಣು ಬಿಡುತ್ತಾನೆ. ಪುತ್ತೂರಿನಲ್ಲಿರುವ ನನ್ನ ಹೆಂಡತಿಗೆ ಇದು ಚೆನ್ನಾಗಿ ಗೊತ್ತು. "ಅಂಗಡಿಯವ ಕೊಳೆತ ಟೊಮೆಟೊ ಕೊಟ್ರೂ ನೀವು ಥ್ಯಾಂಕ್ಸ್ ಹೇಳಿ ಬರ್ತೀರಿ" ಎನ್ನುತ್ತಾಳೆ. ಇಂಥವನನ್ನು ಅರಬ್ಬರ ನಾಡಿನ ದಮ್ಮಾಮ್ ಹತ್ತಿರದ ಒಂದು ಲಾರಿ ಕಂಪನಿಯವರು ಯಾವ ಲಾರಿ ಯಾವ ದಿಕ್ಕಿಗೆ ಹೋಗಬೇಕೆಂದು ನಿರ್ಧರಿಸುವ ಕುರ್ಚಿಯಲ್ಲಿ ಕೂರಿಸಿದ್ದರು. ಹೆಸರಿಗೆ ಅಧಿಕಾರ ನನ್ನದು. ನಿಜದಲ್ಲಿ ಡ್ರೈವರುಗಳು ಹೋಗುತ್ತೇವೆ ಎಂದ ದಿಕ್ಕಿಗೇ ನಾನು ಅವರನ್ನು ಕಳಿಸುತ್ತಿದ್ದೆ.

ಈ ಪ್ರಕರಣಕ್ಕೆ ಮೂಲಪುರುಷ ಯಾನ್ ಎಂಬ ಹಾಲೆಂಡಿನ ಲಾರಿ ಡ್ರೈವರ್. ಯಾವುದೋ ಕಾರ್ಖಾನೆಗೆ ಮನೆಯಷ್ಟು ದೊಡ್ಡ ಯಂತ್ರವೊಂದನ್ನು ಸಾಗಿಸಲು ಬಂದಿದ್ದ. ಕಾಗದಪತ್ರ ಆಗುವವರೆಗೆ ಅವನ ಗಾಡಿ ನಮ್ಮ ಯಾರ್ಡಿನಲ್ಲಿತ್ತು, ಅವನು ನನ್ನ ಮೇಜಿನ ಎದುರಿಗಿದ್ದ. ಊರು ಬಿಟ್ಟು ಬಂದವರು ಮೊಬೈಲಿನಲ್ಲಿ ಹೆಂಡತಿ ಮಕ್ಕಳ ಫೋಟೊ ತೋರಿಸುವುದು ವಾಡಿಕೆ. ಈ ಪುಣ್ಯಾತ್ಮ ತೋರಿಸಿದ್ದು ಲಾರಿಯ ಫೋಟೊ. ಅದೂ ಉದ್ದ ಮೂಗಿನ ಲಾರಿ. ಅವರ ದೇಶದಲ್ಲಿ ಲಾರಿಯ ಒಟ್ಟು ಉದ್ದಕ್ಕೆ ಕಾನೂನಿನ ಮಿತಿ ಇದೆಯಂತೆ, ಮೂಗು ಬೆಳೆಸಿದಷ್ಟೂ ಹಿಂದೆ ಸರಕಿಗೆ ಜಾಗ ಕಡಿಮೆ. ಹಾಗಾಗಿ ಕಂಪನಿಗಳೆಲ್ಲ ಗೋಡೆಯಂಥ ಚಪ್ಪಟೆ ಮುಖದ ಲಾರಿಗಳನ್ನೇ ಇಟ್ಟುಕೊಂಡಿವೆ. ಆದರೂ ಕೆಲವು ಡ್ರೈವರುಗಳಿಗೆ ಮೂಗಿಲ್ಲದೆ ಊಟ ಸೇರುವುದಿಲ್ಲ. ನಷ್ಟವಾದರೂ ಸರಿ ಎಂದು ಒಳ್ಳೆಯ ಲಾರಿಯನ್ನು ಕತ್ತರಿಸಿ, ಎಂಜಿನ್ನನ್ನು ಮುಂದೆ ತಂದು, ಉದ್ದನೆಯ ಮೂಗು ಕಟ್ಟಿಸಿ, ಅದಕ್ಕೆ ಬಣ್ಣ, ದೀಪ, ಚಿತ್ರ, ಒಳಗೆ ಪರದೆ ಎಲ್ಲ ಮಾಡಿಸಿ, ರಜಾದಿನಗಳಲ್ಲಿ ಒಂದು ಮೈದಾನದಲ್ಲಿ ಸೇರಿ ಒಬ್ಬರ ಮೂಗನ್ನು ಇನ್ನೊಬ್ಬರು ನೋಡಿ ಸಂತೋಷಪಡುತ್ತಾರಂತೆ. ಮಕ್ಕಳಿಗಿಂತ ಹೆಚ್ಚು ಸಲ ಲಾರಿಗೆ ಸ್ನಾನ ಮಾಡಿಸುತ್ತೀಯ ಎಂದು ಹೆಂಡತಿ ಜಗಳ ಮಾಡುತ್ತಾಳೆ ಎಂದು ಯಾನ್ ಹೆಮ್ಮೆಯಿಂದ ಹೇಳಿಕೊಂಡ.

ಅವನ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಿರುಗಿಸುತ್ತಿದ್ದದ್ದು ಹಸನಾಕನಿಗಾಗಿ. ಹಸನಾಕ ಉಪ್ಪಿನಂಗಡಿಯವನು, ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಡ್ರೈವರ್. ಬ್ಯಾರಿ ಭಾಷೆ, ತುಳು, ಕನ್ನಡ, ಅರಬ್ಬಿ ಎಲ್ಲದರಲ್ಲೂ ಜಗಳ ಮಾಡಬಲ್ಲ, ಇಂಗ್ಲಿಷ್ ಒಂದು ಬಿಟ್ಟು. ಆ ಫೋಟೊಗಳನ್ನು ನೋಡುತ್ತ ನೋಡುತ್ತ ಅವನ ಮುಖ ಬದಲಾದದ್ದನ್ನು ನಾನು ಗಮನಿಸಬೇಕಿತ್ತು.

"ಭಟ್ರೇ, ನೀವೇ ಹೇಳಿ. ಈ ಚಪ್ಪಟೆ ಲಾರಿಯಲ್ಲಿ ಕೂತ್ರೆ ನಮ್ಮ ಮುಂದೆ ಎಂತ ಉಂಟು? ಒಂದು ಗ್ಲಾಸು. ಗ್ಲಾಸಿನಿಂದ ಆಚೆ ಒಂಟೆ" ಎಂದ. ರಿಯಾದ್ ರಸ್ತೆಯಲ್ಲಿ ಒಮ್ಮೆ ಒಂಟೆಯೊಂದು ಅಡ್ಡ ಬಂದು, ಅದರ ಮುಸುಡಿ ಇವನ ಗಾಜಿನ ಮುಂದೆಯೇ ನಿಂತಿತ್ತು. ಅಂದಿನಿಂದ ಕನಸಿನಲ್ಲೂ ಒಂಟೆ ಬರುತ್ತದಂತೆ. "ನಾನು ಕ್ಲೀನರ್ ಆಗಿದ್ದಾಗ ಊರಿನ ಲಾರಿಗೆಲ್ಲ ಮೂಗು ಇತ್ತು ಮಾರಾಯ್ರೆ. ನಮಗಿಂತ ಮೊದ್ಲು ಅದು ಹೋಗ್ತಿತ್ತು, ಹಿಂದೆ ನಾವು. ಒಂದು ಧೈರ್ಯ. ನನ್ನ ಗಾಡಿಗೂ ಒಂದು ಮೂಗು ಇಡಿಸುವ."

"ಗಾಡಿ ಕಫೀಲಂದಲ್ವಾ ಹಸನಾಕ?" ಎಂದೆ ನಾನು.

"ಕಫೀಲ್ ತಾಯಿಫಿಗೆ ಹೋಗಿದ್ದಾನೆ. ಬರುವಾಗ ನೋಡಿ ಖುಷಿ ಪಡ್ತಾನೆ. ನೀವು ಗಾಡಿ ವರ್ಕ್‌ಶಾಪಿಗೆ ಅಂತ ಹೇಳಿ, ಸಾಕು."

ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು "ಆಯ್ತು" ಎಂಬ ಮಾತು. ಕಫೀಲ್ ಎಂದರೆ ನಮ್ಮ ವೀಸಾ, ಇಕಾಮಾ ಎಂಬ ವಾಸದ ಪರವಾನಗಿ, ಅನ್ನ ಎಲ್ಲಕ್ಕೂ ಧಣಿ. ಆ ವರ್ಷಗಳಲ್ಲಿ ನಿತಾಕತ್ ಎಂಬ ಹೊಸ ನಿಯಮದ ಮಾತು ಎಲ್ಲೆಲ್ಲೂ ಇತ್ತು. ಆ ದೇಶದವರನ್ನೇ ಕೆಲಸಕ್ಕೆ ಇಟ್ಟುಕೊಳ್ಳಬೇಕು, ಹೊರಗಿನವರನ್ನು ಕಡಿಮೆ ಮಾಡಬೇಕು ಎಂಬ ಒತ್ತಡ. ಪರಿಚಯದವರು ಒಬ್ಬೊಬ್ಬರೇ ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ ಹೊಡೆಸಿಕೊಂಡು ವಿಮಾನ ಹತ್ತುತ್ತಿದ್ದರು. ಯಾರನ್ನು ಮೊದಲು ಕಳಿಸಲಿ ಎಂದು ಕಫೀಲರು ಕಾರಣ ಹುಡುಕುತ್ತಿದ್ದ ಕಾಲದಲ್ಲಿ, ನಾವಿಬ್ಬರೂ ಸೇರಿ ಧಣಿಯ ಲಾರಿಗೆ ಹೇಳದೆ ಕೇಳದೆ ಒಂದು ಮೂಗು ಇಡಿಸಲು ಹೊರಟೆವು.

ಥುಕ್ಬಾದ ಗ್ಯಾರೇಜು ಓಣಿಯಲ್ಲಿ ಗುಲ್ ಖಾನ್ ಎಂಬ ಪೇಶಾವರದ ವೆಲ್ಡರ್ ಇದ್ದ. ಯಾನನ ಫೋಟೊ ತೋರಿಸಿದ್ದೇ ತಡ, ಅವನಿಗೂ ಹುಚ್ಚು ಹತ್ತಿತು. ಎಂಜಿನ್ನನ್ನು ಮುಂದೆ ತರುವುದು ನಮ್ಮ ಕೈಲಾಗದ ಕೆಲಸ. ಅದು ಕ್ಯಾಬಿನಿನ ಅಡಿಯಲ್ಲಿ ಇದ್ದಲ್ಲೇ ಇರಲಿ, ಮೂಗು ಮಾತ್ರ ಮುಂದೆ ಬರಲಿ ಎಂದು ತೀರ್ಮಾನವಾಯಿತು. ದಪ್ಪ ತಗಡು, ಮುಂದೆ ಜಾಲರಿ, ಮೇಲೆ ತೆರೆಯುವ ಬಾನೆಟ್ಟು, ಮೇಲಿನಿಂದ ಕೆಳಗಿನವರೆಗೆ ಕುಂಕುಮ ಕೆಂಪು. "ಭಾಯಿ, ಯೇ ನಾಕ್ ಗಾಡಿ ಸೇ ಪೆಹಲೇ ನಹಿ ಮರೇಗಾ" ಎಂದು ಗುಲ್ ಖಾನ್ ಸುತ್ತಿಗೆಯಿಂದ ಬಡಿದು ತೋರಿಸಿದ. ಲಾರಿ ಸತ್ತರೂ ಮೂಗು ಸಾಯದು ಎಂಬ ಭರವಸೆ. ಆ ಟೊಳ್ಳು ಮೂಗನ್ನು ಸುಮ್ಮನೆ ಬಿಡಲು ಹಸನಾಕನಿಗೆ ಮನಸ್ಸಾಗಲಿಲ್ಲ. ಹಾಲೆಂಡಿನವರು ಎಂಜಿನ್ ಇಡುವ ಜಾಗದಲ್ಲಿ ಅವನು ಕುಚ್ಚಲಕ್ಕಿ, ಸ್ಟವ್ವು, ಕುಕ್ಕರ್ರು, ಒಂದು ಕಟ್ಟು ಒಣಮೀನು ಇಟ್ಟ. ಮೂಗಿನ ಮುಂದೆ ನಿಂತು ಯಾನನ ಜತೆ ಫೋಟೊ ತೆಗೆಸಿಕೊಂಡು ಊರಿನ ವಾಟ್ಸಾಪಿಗೆ ಕಳಿಸಿದ. ಅವನ ಮುಖದಲ್ಲಿ ಅಂಥ ನಗುವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಯಾನ್ ಕೆಲಸ ಮುಗಿಸಿ ಎಲ್ಲರ ಕೈಕುಲುಕಿ ಹೊರಟುಹೋದ.

ಅವನು ಹೋದ ವಾರದ ಶುಕ್ರವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಕಫೀಲನ ಫೋನು. ತಾಯಿಫಿನಲ್ಲಿ ನಾದಿನಿಯರೊಂದಿಗೆ ಏನೋ ಮನಸ್ತಾಪವಂತೆ, ಬೇಗ ಹಿಂತಿರುಗಿದ್ದಾನೆ, ಮಧ್ಯಾಹ್ನ ಕಳೆದ ಮೇಲಿನ ಅಸರ್ ನಮಾಜು ಮುಗಿಸಿ ಯಾರ್ಡಿಗೆ ಬರುತ್ತಾನೆ. ಹಲ್ಲುಜ್ಜಿದ ನೊರೆಯನ್ನು ನುಂಗಿಬಿಟ್ಟೆ.

ಯಾರ್ಡಿಗೆ ಓಡಿದೆ. ಮೊದಲು ಹೊಳೆದದ್ದು ಎಲ್ಲ ಪುಕ್ಕಲರಿಗೂ ಹೊಳೆಯುವ ಉಪಾಯ. ಸಾಕ್ಷಿಯನ್ನು ದೂರ ಕಳಿಸುವುದು. "ಹಸನಾಕ, ರಾಬಿಗಿಗೆ ಹೊರಡಿ. ಈಗಲೇ. ಯಲ್ಲಾ!" ಎಂದೆ. ದೇಶದ ಈ ತುದಿಯಿಂದ ಆ ತುದಿ, ಹೋಗಿ ಬರುವುದರೊಳಗೆ ಏನಾದರೂ ಮಾಡಬಹುದು. ಹಸನಾಕ ಕೀಲಿ ತಿರುಗಿಸಿದ. ಲಾರಿ ಕೆಮ್ಮಿತು, ನಡುಗಿತು, ಸುಮ್ಮನಾಯಿತು. ಹಿಂದಿನ ದಿನವೇ ಯಾಕೋ ಬಿಸಿಯಾಗಿ ಹೊಗೆ ಬಂದಿತ್ತು ಎಂದು ಆಗ ಬಾಯಿ ಬಿಟ್ಟ. ಮೂಗು ಗಾಳಿಗೆ ಅಡ್ಡ ನಿಂತಿತ್ತು, ಎಂಜಿನ್ನಿಗೆ ಉಸಿರು ಕಟ್ಟಿತ್ತು. ಸರಿ, ಎಂಜಿನ್ ನೋಡುವ ಎಂದು ಕ್ಯಾಬಿನ್ ಎತ್ತಲು ಹೋದೆವು. ಚಪ್ಪಟೆ ಲಾರಿಗಳಲ್ಲಿ ಇಡೀ ಕ್ಯಾಬಿನ್ನನ್ನು ಮುಂದಕ್ಕೆ ಬಗ್ಗಿಸಿದರೆ ಮಾತ್ರ ಎಂಜಿನ್ ಕಾಣುವುದು. ಕ್ಯಾಬಿನ್ ಒಂದು ಗೇಣು ಬಗ್ಗಿ ಗುಲ್ ಖಾನನ ಅಮರ ಮೂಗಿಗೆ ಢಣ್ಣೆಂದು ಬಡಿದು ನಿಂತಿತು. ಇಷ್ಟು ವರ್ಷ ಲಾರಿಗಳ ನಡುವೆಯೇ ಬದುಕಿದ ಡ್ರೈವರು, ವೆಲ್ಡರು, ಗುಮಾಸ್ತ, ಮೂವರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ.

ಗುಲ್ ಖಾನನಿಗೆ ಫೋನು ಮಾಡಿದರೆ ಶುಕ್ರವಾರ, ಸ್ವಿಚ್ ಆಫ್. ಕೊನೆಗೆ ಇನ್ನೊಂದು ಲಾರಿಯಿಂದ ದೂಡಿಸಿ ಅದನ್ನು ಸಾಲಿನ ಕೊನೆಯಲ್ಲಿ, ಮೂಗು ಗೋಡೆಯ ಕಡೆಗೆ ಬರುವಂತೆ ನಿಲ್ಲಿಸಿದೆವು. ಒತ್ತಿನಲ್ಲಿ ಬೇರೆ ಲಾರಿಗಳು. ಯಾರ್ಡಿನ ಕಡೆಯಿಂದ ನೋಡಿದರೆ ಮೂಗು ಕಾಣುವುದಿಲ್ಲ. ಆದರೆ ಮೂಗಿನಷ್ಟೇ ಉದ್ದ ಹಿಂಭಾಗ ಸಾಲಿನಿಂದ ಹೊರಗೆ ಚಾಚಿಕೊಂಡಿತ್ತು. ಹಸನಾಕ ಬಾಯೊಳಗೇ ಏನೋ ಪ್ರಾರ್ಥನೆ ಹೇಳುತ್ತಿದ್ದ. ನಾನು ನನ್ನ ದೇವರುಗಳನ್ನೂ ಸಾಲದ್ದಕ್ಕೆ ಅವನ ದೇವರನ್ನೂ ಕೇಳಿಕೊಂಡೆ.

ಕಫೀಲ್ ಬಂದ. ಗರಿ ಗರಿ ಬಿಳಿ ನಿಲುವಂಗಿ, ತೋಬು, ತೊಟ್ಟಿದ್ದ, ಮುಖ ಗಂಟಿಕ್ಕಿಕೊಂಡಿತ್ತು. ನಾದಿನಿಯರ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ನೆರಳಿನಲ್ಲಿ ಕುರ್ಚಿ ಹಾಕಿಸಿ, ಖಹ್ವಾ ಕಾಫಿ ತರಿಸಿ, ಯಾರ್ಡಿನ ಕಡೆಗೇ ತಿರುಗಿ ಕುಳಿತ. ನಾನು ಅವನ ಮತ್ತು ಲಾರಿಯ ನಡುವೆ ನಿಂತು ಮಾತಾಡಿದೆ. ಅವನು ಎಡಕ್ಕೆ ಬಗ್ಗಿದರೆ ನಾನು ಎಡಕ್ಕೆ, ಬಲಕ್ಕೆ ಬಗ್ಗಿದರೆ ಬಲಕ್ಕೆ. ತಾಯಿಫಿನ ಹವೆ ಕೇಳಿದೆ, ದಾಳಿಂಬೆ ಕೇಳಿದೆ, ನಾದಿನಿಯರ ಕ್ಷೇಮ ಕೂಡ ಕೇಳಿಬಿಟ್ಟೆ. ಬೆವರು ಬೆನ್ನಿನಿಂದ ಇಳಿದು ಚಪ್ಪಲಿಗೆ ಸೇರುತ್ತಿತ್ತು.

"ಆ ಕೊನೆಯ ಗಾಡಿ ಯಾಕೆ ಸಾಲಿನಿಂದ ಹೊರಗೆ ನಿಂತಿದೆ?" ಎಂದು ಕೇಳಿದ.

ಮೆದುಳಿಗೆ ಹೇಳದೆಯೇ ನನ್ನ ಬಾಯಿ ಉತ್ತರ ಕೊಟ್ಟಿತು. "ಹಸನನಿಗೆ ಪಾರ್ಕಿಂಗ್ ಸರಿಯಾಗಿ ಬರುವುದಿಲ್ಲ. ಎಷ್ಟು ಸಲ ಹೇಳಿದರೂ ಅಷ್ಟೇ."

ಪಕ್ಕದಲ್ಲೇ ನಿಂತಿದ್ದ ಹಸನಾಕ ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೆ ಅರಬ್ಬಿ ನನಗಿಂತ ಚೆನ್ನಾಗಿ ಬರುತ್ತದೆ ಎಂಬುದು ಆ ಕ್ಷಣದಲ್ಲಿ ನನಗೆ ಮರೆತೇಹೋಗಿತ್ತು.

"ಇಷ್ಟು ವರ್ಷವಾಯಿತು, ಪಾರ್ಕಿಂಗ್ ಬರುವುದಿಲ್ಲವೇ? ಕೀಲಿ ತಾ, ನಾನು ತೋರಿಸಿಕೊಡುತ್ತೇನೆ" ಎಂದು ಕಫೀಲ್ ಎದ್ದ. ಹರೆಯದಲ್ಲಿ ಅವನೂ ಲಾರಿ ಓಡಿಸಿದವನೇ. ಹಿಂದಿನಿಂದ ಹೋಗಿ, ಪಕ್ಕದ ಲಾರಿಗೆ ತೋಬು ತಾಗದಂತೆ ಹುಷಾರಾಗಿ ಹತ್ತಿ ಕೀಲಿ ತಿರುಗಿಸಿದ. ಕೆಮ್ಮು, ನಡುಕ, ನಿಶ್ಶಬ್ದ. ಗಾಜಿನಿಂದಾಚೆ ಕೆಂಪಗೆ ಏನೋ ಕಂಡಿರಬೇಕು. ಇಳಿದವನು ನಮ್ಮ ಕಡೆ ಬರಲಿಲ್ಲ. ಗೋಡೆಗೂ ಲಾರಿಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನುಗ್ಗಿ ಕಣ್ಮರೆಯಾದ. ಚಪ್ಪಲಿಯ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ಇಲ್ಲ. ನಾನು ಮನಸ್ಸಿನಲ್ಲೇ ಸೂಟ್‌ಕೇಸ್ ತುಂಬಿಕೊಳ್ಳತೊಡಗಿದೆ. ಅಷ್ಟರಲ್ಲಿ ಬಾನೆಟ್ಟು ಕಿರ್ರೆಂದು ತೆರೆದ ಸದ್ದು. ಅದರ ಹಿಂದೆಯೇ ಬಿಸಿಲಿಗೆ ಕಾದ ಒಣಮೀನಿನ ವಾಸನೆ ಯಾರ್ಡಿಗೆಲ್ಲ ಹರಡಿತು. ಹುಟ್ಟಾ ಸಸ್ಯಾಹಾರಿಯಾದ ನಾನು ನನ್ನ ಸ್ವಂತ ಮೂಗು ಮುಚ್ಚಿಕೊಂಡೆ.

ಕಫೀಲ್ ಹೊರಬಂದ. ಬಿಳಿ ತೋಬಿನ ಹೊಟ್ಟೆಯ ಮೇಲೆ ಅಂಗೈಯಗಲ, ಗುಲ್ ಖಾನನ ಇನ್ನೂ ಸರಿಯಾಗಿ ಒಣಗದ ಕೆಂಪು ಬಣ್ಣ. ಒಂದು ಕೈಯಲ್ಲಿ ಹಸನಾಕನ ಕುಕ್ಕರ್.

"ಇದು ಯಾರ ಕೆಲಸ?"

ನಾನು ಬಾಯಿ ತೆರೆಯುವ ಮೊದಲೇ ಹಸನಾಕ ಒಂದು ಹೆಜ್ಜೆ ಮುಂದೆ ಬಂದ. "ನನ್ನದು. ಭಟ್ರಿಗೆ ಎಂತದ್ದೂ ಗೊತ್ತಿಲ್ಲ." ಅರಬ್ಬಿಯಲ್ಲಿ ಹೇಳಿದರೂ 'ಭಟ್ರು' ಭಟ್ರಾಗಿಯೇ ಉಳಿದಿದ್ದರು. ಕೇಳಿ ನನ್ನ ಕಣ್ಣು ತುಂಬಿತು. ಭಯವಾದರೆ ನನಗೆ ಸುಳ್ಳು ಬರುತ್ತದೆ, ಅಳು ಬಂದರೆ ನಿಜ ಬರುತ್ತದೆ. ಹಾಲೆಂಡಿನಿಂದ ಹಿಡಿದು ಒಂಟೆಯವರೆಗೆ, ಪೇಶಾವರದಿಂದ ಹಿಡಿದು ಪಾರ್ಕಿಂಗಿನವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ.

ಕಫೀಲ್ ಕುಕ್ಕರನ್ನು ಹಸನಾಕನ ಕೈಗೆ ಕೊಟ್ಟ. "ನಾಳೆ ಆ ಮೂಗು ಕತ್ತರಿಸಬೇಕು. ನಿನಗೆ ಮೂಗು ಬೇಕಿದ್ದರೆ ನಿನ್ನದೇ ಲಾರಿ ಕೊಂಡು ಅದಕ್ಕೆ ಇಡಿಸು. ಕೆಲಸಕ್ಕೆ ಬಾ. ನನ್ನ ಗಾಡಿಯ ಮೇಲೆ ಇಷ್ಟು ಆಸೆ ಇರುವ ಡ್ರೈವರನ್ನು ಕಳಿಸಿ ನಾನು ಎಲ್ಲಿ ಹುಡುಕಲಿ?" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಗುಮಾಸ್ತರು ಬೇಕಾದಷ್ಟು ಸಿಗುತ್ತಾರೆ." ಮನಸ್ಸಿನಲ್ಲೇ ತುಂಬಿಕೊಂಡಿದ್ದ ಸೂಟ್‌ಕೇಸಿಗೆ ಬೀಗ ಹಾಕಿದೆ. ಅವನು ಇನ್ನೂ ಮುಗಿಸಿರಲಿಲ್ಲ. "ಆದರೆ ಒಬ್ಬ ಮನುಷ್ಯನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಅವನ ಮೇಲೆ ಇಷ್ಟು ಸಲೀಸಾಗಿ ಸುಳ್ಳು ಹೇಳುವವನು ಸಿಗುವುದಿಲ್ಲ. ನಾಳೆಯಿಂದ ಗಿರಾಕಿಗಳ ಫೋನೆಲ್ಲ ನಿನಗೆ."

ಹೀಗೆ ನನಗೆ ಬಡ್ತಿ ಸಿಕ್ಕಿತು. ಮರುದಿನ ಗುಲ್ ಖಾನ್ ಬಂದು, ಕೊಟ್ಟ ಮಾತು ಮುರಿಯಬೇಕಾಯಿತಲ್ಲ ಎಂದು ಗೊಣಗುತ್ತ ಮೂಗು ಕತ್ತರಿಸಿದ. ಹಸನಾಕ ಅಕ್ಕಿ, ಸ್ಟವ್ವು, ಮೀನು ಎಲ್ಲ ಇಳಿಸಿಕೊಂಡು ನೋಡುತ್ತ ನಿಂತಿದ್ದ. ನನಗೆ ಸಂಕಟವಾಯಿತು. "ಬೇಜಾರು ಮಾಡ್ಬೇಡಿ ಹಸನಾಕ, ಕೆಲಸ ಉಳೀತಲ್ಲ" ಎಂದು ಹತ್ತಿರ ಹೋದೆ.

"ಮೂಗು ಹೋದ್ರೆ ಹೋಗ್ಲಿ ಭಟ್ರೇ, ಕೆಲಸ ಹೋಗ್ತಿದ್ರೂ ಹೋಗ್ಲಿ ಅಂತಿದ್ದೆ" ಎಂದ. "ನನಗೆ ಪಾರ್ಕಿಂಗ್ ಬರುದಿಲ್ಲ ಅಂತ ಹೇಳಿದ್ರಲ್ಲ. ಕಫೀಲನ ಎದುರು. ಅದು ಎಂತಕ್ಕೆ ಹೇಳಿದ್ದು ನೀವು?"

ಅಂದಿನಿಂದ ಹಸನಾಕ ಟ್ರಿಪ್ಪು ಮುಗಿಸಿ ಮರಳಿದಾಗಲೆಲ್ಲ ತನ್ನ ಚಪ್ಪಟೆ ಲಾರಿಯನ್ನು ಯಾರ್ಡಿನಲ್ಲಿ ಬೇರೆಲ್ಲೂ ನಿಲ್ಲಿಸುವುದಿಲ್ಲ. ನನ್ನ ಸಣ್ಣ ಕಾರಿನ ಪಕ್ಕಕ್ಕೇ ತಂದು, ಒಂದೇ ಸಲಕ್ಕೆ ರಿವರ್ಸ್ ತೆಗೆದು, ನನ್ನ ಬಾಗಿಲು ಬೆರಳಿನಷ್ಟೂ ತೆರೆಯದಂತೆ, ಆದರೆ ಎಲ್ಲೂ ಒಂದು ಗೀರು ಬೀಳದಂತೆ ನಿಲ್ಲಿಸಿ, ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಸಲಾಂ ಹೇಳಿ ಹೋಗುತ್ತಾನೆ. ತೆಗೆಯಿರಿ ಎಂದು ಹೇಳುವ ಧೈರ್ಯ ನನಗೆಲ್ಲಿ? ಆ ಕಡೆಯ ಬಾಗಿಲಿನಿಂದ ಹೊಕ್ಕು, ಗೇರಿನ ಮೇಲೆ ಒಂದು ಕಾಲು, ಸ್ಟೇರಿಂಗಿನಡಿ ಒಂದು ಕಾಲು ಇಟ್ಟು ತೆವಳುವಾಗ ಸರಿಯಾಗಿ ಗಿರಾಕಿಯ ಫೋನು ಬರುತ್ತದೆ. "ನಮ್ಮ ಲಾರಿ ಎಲ್ಲಿದೆ?" ಎಂದು ಅವನು ಗುಡುಗುತ್ತಾನೆ. "ತೀರಾ ಹತ್ತಿರದಲ್ಲೇ ಇದೆ ಸ್ವಾಮೀ" ಎನ್ನುತ್ತೇನೆ. ಆ ಕೆಲಸದಲ್ಲಿ ನಾನು ಹೇಳುವ ಒಂದೇ ಒಂದು ನಿಜ ಅದು.