ಮೆಂತ್ಯ ಸೀಯಿಸಬೇಡಿ

ನನ್ನ ತಮ್ಮನ ಮನೆಯಲ್ಲಿ ಸತ್ತವರು ಸುಮ್ಮನಿರುವುದಿಲ್ಲ. ನಗಬೇಡಿ, ಮನೆ ಶಂಕರಪುರಂನಲ್ಲೇ ಇದೆ, ಬಂದು ನೋಡಿ!

ಅವನೊಬ್ಬ ವಿಚಿತ್ರ ಪ್ರಾಣಿ. ಅಡಿಗೆ ಕೆಟ್ಟರೆ ನಾವು ಚೆಲ್ಲುತ್ತೇವೆ, ಇವನು ಕೆಟ್ಟದ್ದನ್ನೂ ಕಾಪಿಡುತ್ತಾನೆ. ಬರೆದದ್ದು, ತಿದ್ದಿದ್ದು, ಅಳಿಸಿದ್ದು ಒಂದನ್ನೂ ಬಿಡದೆ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಒಂದಿದೆಯಂತೆ. ಆಫೀಸಿನಲ್ಲಿ ಅದರಲ್ಲೇ ಕೆಲಸ ಮಾಡಿ ರಿಟೈರಾದವನು, ಮನೆಯ ಸಾರಿನ ಪುಡಿಯ ಅಳತೆಯನ್ನೂ ಅದರೊಳಗೆ ಹಾಕಿದ. ಗಂಡ ಹೆಂಡಿರ ಜಗಳವೂ ಅಲ್ಲೇ! ಅವಳು ಮೆಂತ್ಯ ಅಂತ ಟೈಪ್ ಮಾಡಿದರೆ ಇವನು ಅಳಿಸುವುದು, ಇವನು ಮೆಣಸು ಏರಿಸಿದರೆ ಅವಳು ಇಳಿಸುವುದು. ಪುಡಿಯ ಜೊತೆಗೆ ಗಂಡನಿಗೆ ಬುದ್ಧಿವಾದವನ್ನೂ ಅವಳು ಅಲ್ಲೇ ಬರೆಯುತ್ತಿದ್ದಳು, ಅದನ್ನೂ ಅಳಿಸುತ್ತಿದ್ದ. ಮನೆಯೊಳಗೆ ಮಾತ್ರ ಸದ್ದೇ ಇಲ್ಲ. ನನಗಾಗಿದ್ದರೆ ಲಟ್ಟಣಿಗೆ ಸಾಕಿತ್ತು.

ಹೋದ ವರ್ಷ ಅವನ ಹೆಂಡತಿ ತೀರಿಕೊಂಡಳು. ಆಮೇಲೆ ಶುರುವಾಯಿತು.

ತಮ್ಮ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರು ಬರೆದ. ಮಾರನೆಯ ದಿನ ತೆರೆದರೆ ದೂರಿನ ನಡುವೆ, ‘ಉರಿ ಸಣ್ಣ ಮಾಡಿ, ಎಷ್ಟು ಸಲ ಹೇಳೋದು.’ ಬೀದಿನಾಯಿಗಳ ಬಗ್ಗೆ ಬಡಾವಣೆಯ ಸಂಘಕ್ಕೆ ನೋಟೀಸು ಬರೆದ. ಅದರೊಳಗೆ, ‘ಮೆಂತ್ಯ ಸೀಯಿಸಬೇಡಿ.’ ನಾಯಿಗೆ ಮೆಂತ್ಯ ಯಾಕೆ ಎಂದು ಸಂಘದವರು ಕೇಳಿದರಂತೆ. ಅವನು ಇದನ್ನು ಹೇಳುವಾಗ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಷ್ಟರಲ್ಲಿ ಅಡಿಗೆಮನೆಯಿಂದ ಸೀದ ವಾಸನೆ ಬಂತು. ಹೋಗಿ ನೋಡಿದರೆ, ಅವನು ಒಲೆಯ ಮೇಲಿಟ್ಟು ಮರೆತ ಮೆಂತ್ಯ. ನಾನೇ ಒಲೆ ಆರಿಸಿದೆ.

ಅವನ ಮಗಳು ಬಂದು ನೋಡಿ, ದೆವ್ವವೂ ಅಲ್ಲ ಭೂತವೂ ಅಲ್ಲ, ಸಾಫ್ಟ್‌ವೇರಿನ ದೋಷ ಅಂದಳು. ಹಳೆಯದನ್ನು ಇಡುವ ಜಾಗ ಕೆಟ್ಟು, ಅಲ್ಲಿನ ಸಾಲುಗಳು ಹೊಸ ಬರಹದೊಳಗೆ ಉದುರುತ್ತಿವೆಯಂತೆ. ದೋಷ ಸರಿಪಡಿಸಿದ ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಿದರೆ ನಿಲ್ಲುತ್ತದೆ. ಆದರೆ ಅಮ್ಮ ಬರೆದದ್ದು ಆಗಲೇ ಹಾಳಾಗಿದೆ. ಹೀಗೆ ಉದುರಿದರೆ ಉಂಟು, ಇಲ್ಲದಿದ್ದರೆ ಇನ್ನು ಸಿಗುವುದಿಲ್ಲ.

ತಮ್ಮ ಹಾಕಿಸಲಿಲ್ಲ. ದಿನಾ ಏನಾದರೊಂದು ದೂರು ಬರೆಯುವುದು, ಬೆಳಿಗ್ಗೆ ತೆರೆದು ಹುಡುಕುವುದು. ಯಾರಿಗೂ ಕಳಿಸದ ದೂರುಗಳು!

ಬುದ್ಧಿ ಹೇಳೋಣವೆಂದು ಒಂದು ಮಧ್ಯಾಹ್ನ ಹೋದೆ. ಬಾಗಿಲಲ್ಲೇ, “ಹೋದೋಳನ್ನ ಬಿಟ್ಬಿಡೋ. ಅದೇನೋ ಹೊಸದು ಬಂದಿದ್ಯಂತಲ್ಲ, ಹಾಕಿಸ್ಕೋ” ಅಂದೆ.

ಅವನು ಒಳಗೆ ಹೋಗಿ ಕಾಫಿ ತಂದಿಟ್ಟ. ದೊಡ್ಡ ಲೋಟ, ನನ್ನ ಅಳತೆಯ ಸಕ್ಕರೆ. ಈ ಜನ್ಮದಲ್ಲಿ ನನಗೆ ಕಾಫಿ ಕೊಟ್ಟವನಲ್ಲ.

“ಯಾರೋ ಹೇಳ್ಕೊಟ್ಟಿದ್ದು?”

ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಕರೆಂಟು ಹೋಗುವ ಬಗ್ಗೆ ಬರೆದ ದೂರಿನ ನಡುವೆ, ‘ನಿಮ್ಮಕ್ಕ ಕೋಪದಲ್ಲಿ ಬಂದ್ರೆ ಮೊದಲು ಕಾಫಿ ಕೊಡಿ, ಸಕ್ಕರೆ ಜಾಸ್ತಿ. ಪಾಪ, ಬಿಸಿಲಲ್ಲಿ ನಡ್ಕೊಂಡು ಬಂದಿರ್ತಾರೆ.’

ಕಾಫಿ ಕುಡಿದು ಲೋಟ ಕೆಳಗಿಟ್ಟೆ.

“ನಾಳೆಗೆ ಏನು ಬರೀತೀಯೋ?” ಅಂದೆ. “ಸ್ವಲ್ಪ ಉದ್ದಕ್ಕೇ ಬರಿ.”