ಬಾಯಿ ನೋಡುವ ಪಿಟೀಲು

ನಮ್ಮ ತಂಗಿಯ ಮಗಳ ಎದುರು ಐದು ನಿಮಿಷ ಕೂತು ಮಾತಾಡಿದವರು ಎದ್ದು ಹೋಗಿ ಕನ್ನಡಿ ನೋಡಿಕೊಳ್ಳದೆ ಬಿಟ್ಟದ್ದನ್ನು ನಾನು ಈವರೆಗೆ ಕಂಡಿಲ್ಲ! ಹುಡುಗಿ ಅಷ್ಟು ಚೆಂದ, ಅವಳ ಮುಂದೆ ಕೂತವರಿಗೆ ತಮ್ಮ ರೂಪದ ಮೇಲೇ ಅನುಮಾನ ಬರುತ್ತದೆ ಎಂದು ನೀವು ತಿಳಿದರೆ ಅವಳಮ್ಮನಿಗೆ ಸಂತೋಷವಾದೀತು. ವಿಷಯ ಅದಲ್ಲ. ಅವಳು ಮಾತಾಡುವವರ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾಳೆ. ರೆಪ್ಪೆ ಮಿಟುಕಿಸದೆ ನೋಡುತ್ತಾಳೆ. ಹಲ್ಲಿನ ಡಾಕ್ಟರು ಕೂಡ ಫೀಸು ತೆಗೆದುಕೊಂಡು ಅಷ್ಟು ಶ್ರದ್ಧೆಯಿಂದ ನೋಡಲಾರರು!

ತಪ್ಪು ಅವಳದಲ್ಲ, ಪಿಟೀಲಿನದು. ಚಿಕ್ಕಂದಿನಲ್ಲೇ ಅವಳನ್ನು ಯಶವಂತಪುರದ ಒಬ್ಬ ಮೇಷ್ಟರ ಹತ್ತಿರ ಪಾಠಕ್ಕೆ ಹಾಕಿದರು. ಮೇಷ್ಟರಿಗೆ ಪುಸ್ತಕ ಕಂಡರಾಗದು. ಅವರು ಹಾಡುತ್ತ ಹೋಗುವುದು, ಈ ಮಗು ಪಿಟೀಲಿನ ತುದಿಯನ್ನು ಪಾದದ ಮೇಲೆ ಊರಿಕೊಂಡು ಅವರ ಬೆನ್ನು ಹತ್ತುವುದು, ಇಷ್ಟೇ ಪಾಠ. ಹಾಡುವವರಿಗೆ ನೆರಳಾಗಿರಬೇಕು, ಒಂದು ಹೆಜ್ಜೆ ಮುಂದೆ ಹೋದರೂ ಅದು ಪಕ್ಕವಾದ್ಯವಲ್ಲ ಎನ್ನುವುದು ಅವರ ಸಿದ್ಧಾಂತ. "ತಂತಿ ಏನ್ ನೋಡ್ತೀಯಾ, ಅದೆಲ್ಲೂ ಓಡಿ ಹೋಗಲ್ಲ. ನನ್ನ ಬಾಯಿ ನೋಡು" ಎಂದು ವರ್ಷಗಟ್ಟಲೆ ಹೇಳಿದರು. ಹುಡುಗಿ ನೋಡಿದಳು. ಎಲೆಯಡಿಕೆ ತುಂಬಿದ ಆ ಬಾಯಿಂದ ಸ್ವರ ಹೊರಬೀಳುವ ಮೊದಲೇ ಅದನ್ನು ಹಿಡಿಯುವುದನ್ನು ಕಲಿತಳು. ಈಗ ನಮ್ಮ ಕಡೆ ಯಾರದೇ ಹಾಡುಗಾರಿಕೆ ಇರಲಿ, ಪಕ್ಕದಲ್ಲಿ ಇವಳೇ ಬೇಕು.

ಕಚೇರಿಯಲ್ಲೇನೋ ಸರಿ. ದರ್ಶಿನಿಯಲ್ಲಿ? ಅಲ್ಲೂ ಪಕ್ಕವಾದ್ಯವೇ! ತಾನಾಗಿ ಒಂದು ತಿಂಡಿ ಹೇಳಿ ಅವಳಿಗೆ ಗೊತ್ತಿಲ್ಲ. ಮುಂದಿನವರು ಏನು ಹೇಳುತ್ತಾರೋ ಅದಕ್ಕೆ "ನಂಗೂ ಅದೇ" ಎನ್ನುತ್ತಾಳೆ. ಒಂದು ಬೆಳಿಗ್ಗೆ ಮುಂದೆ ನಿಂತಿದ್ದವರು ಆಫೀಸಿನವರಿಗೆಲ್ಲ ಸೇರಿಸಿ ಹನ್ನೆರಡು ಪ್ಲೇಟ್ ಇಡ್ಲಿ ಕಟ್ಟಿಸಿಕೊಂಡರಂತೆ. ಆ ದಿನ ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಮೂರು ಹೊತ್ತೂ ಇಡ್ಲಿ.

ಬಾಗಲೂರಿನಿಂದ ಹುಡುಗನೊಬ್ಬ ಇವಳನ್ನು ನೋಡಲು ಬಂದದ್ದು ಇನ್ನೊಂದು ಕಥೆ. ಪಾಪ, ಒಳ್ಳೆಯ ಹುಡುಗ. ಉಪ್ಪಿಟ್ಟು ತಿಂದು ತನ್ನ ಕೆಲಸದ ವಿಷಯ ಹೇಳತೊಡಗಿದ. ಇವಳ ದೃಷ್ಟಿ ಅವನ ತುಟಿಯ ಮೇಲೆ ನೆಟ್ಟಿತು. ಅವನು ಕರ್ಚೀಫಿನಲ್ಲಿ ಒರೆಸಿಕೊಂಡ. ನೀರು ಕುಡಿದ. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದ. ಕೊನೆಗೆ ತಡೆಯಲಾರದೆ, ಹಲ್ಲಿನಲ್ಲಿ ಕರಿಬೇವು ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಅವಳನ್ನೇ ಕೇಳಿಬಿಟ್ಟ.

"ಇಲ್ಲ ಇಲ್ಲ, ಹಲ್ಲು ಚೆನ್ನಾಗಿದೆ" ಎಂದಳು ನಮ್ಮ ಸುಪುತ್ರಿ. "ಆದ್ರೆ ನೀವು ಉಸಿರು ತಗೊಳ್ಳೋ ಜಾಗ ಸರಿಯಿಲ್ಲ."

ಆ ಸಂಬಂಧ ಹೆಬ್ಬಾಳದ ಫ್ಲೈಓವರ್ ದಾಟಲಿಲ್ಲ.

ಹೀಗಿರುವಾಗ ಮೇಷ್ಟರು ಒಂದು ದಿನ, ಈ ರಾಮನವಮಿಗೆ ನೀನೇ ನಡುವೆ ಕೂತು ಒಬ್ಬಳೇ ನುಡಿಸಬೇಕು ಎಂದುಬಿಟ್ಟರು. ಹಾಡುವವರಿಲ್ಲ, ಪಿಟೀಲೇ ಕಚೇರಿ. ಮನೆಯವರೆಲ್ಲ ಹಿಗ್ಗಿದರು, ಹುಡುಗಿ ಮಾತ್ರ ಊಟ ಬಿಟ್ಟಳು. ಆರ್.ಟಿ. ನಗರದ ತಂಗಿಯ ಮನೆಯ ಮೇಲಿನ ಮಹಡಿಯಲ್ಲಿ ಯಾರದೋ ಪರೀಕ್ಷೆಯಿತ್ತಾದ್ದರಿಂದ ಅಭ್ಯಾಸಕ್ಕೆ ದಿನಾ ಯಲಹಂಕಕ್ಕೆ, ನಮ್ಮ ಮನೆಗೇ ಬರುತ್ತಿದ್ದಳು. ನುಡಿಸುವಾಗ ಸಾಹಿತ್ಯವನ್ನು ತಾನೇ ಮೆಲ್ಲಗೆ ಹೇಳಿಕೊಳ್ಳುವಳು. ಹುರುಳಿಕಾಯಿ ಹೆಚ್ಚುತ್ತ ಹೆಚ್ಚುತ್ತ ಕಚೇರಿಗೆಂದು ಆರಿಸಿದ್ದ ಕಲ್ಯಾಣಿ ರಾಗದ ದೊಡ್ಡ ಕೃತಿ ನನಗೂ ಬಾಯಿಗೆ ಬಂತು. ಬಂದು ಏನು ಪ್ರಯೋಜನ? ನನ್ನ ಕಂಠ ಎಂಥದೆಂದರೆ ಆರತಿಯ ಹೊತ್ತಿಗೆ ನೆಂಟರು ನನ್ನ ಕೈಗೆ ತಟ್ಟೆ ಕೊಟ್ಟು, ಹಾಡುವ ಕೆಲಸದಿಂದ ಮರ್ಯಾದೆಯಾಗಿ ಬಿಡಿಸುತ್ತಾರೆ!

ಒಂದು ಮಧ್ಯಾಹ್ನ ಅವಳು ಕಮಾನು ಕೆಳಗಿಟ್ಟಳು.

"ದೊಡ್ಡಮ್ಮ, ಅಲ್ಲಿ ನಾನು ಯಾರನ್ನ ನೋಡ್ಲಿ? ಇದು ಕೆಟ್ಟೋದ್ರೆ ಇನ್ಯಾವತ್ತೂ ಒಬ್ಳೇ ಕೂರಲ್ಲ."

ತಮಾಷೆ ಮಾಡಲು ಬಾಯಿ ತೆರೆದವಳು, ಹುರುಳಿಕಾಯಿ ಬದಿಗಿಟ್ಟು ಅವಳ ಪಕ್ಕ ಹೋಗಿ ಕೂತೆ.

ರಾಮನವಮಿಯ ಸಂಜೆ ಬಡಾವಣೆಯ ಪಾರ್ಕಿನ ಪಕ್ಕದಲ್ಲಿ ಚಪ್ಪರ. ಮೊದಲ ಎರಡು ಸಣ್ಣ ಕೃತಿಗಳು ಹೇಗೋ ದಾಟಿದವು. ಕಲ್ಯಾಣಿ ಬಂತು. ಕಮಾನು ಎತ್ತಿದಳು, ಅದು ಎತ್ತಿದಲ್ಲೇ ನಿಂತಿತು. ಕಣ್ಣು ಪಕ್ಕಕ್ಕೆ ಹೊರಳಿತು. ಅಲ್ಲಿ ಬರೀ ಜಮಖಾನ. ಮೃದಂಗದವರು ಕೆಮ್ಮಿದರು. ನನ್ನ ತಂಗಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಆ ಕಣ್ಣು ಜನರ ಮೇಲೆಲ್ಲ ತಡಕಾಡಿ, ಮುಂದಿನ ಸಾಲಿನಲ್ಲಿ ನನ್ನ ಮೇಲೆ ಬಂದು ನಿಂತಿತು.

ನನಗೆ ಏನಾಯಿತೋ ಗೊತ್ತಿಲ್ಲ. ಬಾಯಿ ತೆರೆದು ಪಲ್ಲವಿ ಹೇಳತೊಡಗಿದೆ. ದನಿಯಿಲ್ಲ, ಬರೀ ತುಟಿ. ದನಿ ಬಂದಿದ್ದರೆ ರಾಮನೇ ಚಪ್ಪರ ಬಿಟ್ಟು ಎದ್ದು ಹೋಗುತ್ತಿದ್ದ! ಕಮಾನು ಕೆಳಗಿಳಿಯಿತು. ಪಿಟೀಲು ಮಾತಾಡಿತು. ನಾನು ಮುಂದೆ ಮುಂದೆ, ಅವಳು ಹಿಂದೆಯೇ. ಚರಣ ಮುಗಿಯುವ ಹೊತ್ತಿಗೆ ಅವಳು ಕಣ್ಣು ಮುಚ್ಚಿದ್ದಳು, ಕೈ ತಾನಾಗಿ ಓಡುತ್ತಿತ್ತು. ಆಮೇಲೆ, ಸಾಹಿತ್ಯವಿಲ್ಲದ ಸ್ವರದ ಭಾಗ ಪೂರಾ ಅವಳೊಬ್ಬಳೇ ನುಡಿಸಿದಳು. ಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು.

ಕೋಸಂಬರಿ ಹಂಚುವಾಗ ಸಂಗೀತ ಬಲ್ಲ ಹಿರಿಯರೊಬ್ಬರು ಅವಳ ಹತ್ತಿರ ಬಂದರು. ಒಂದೊಂದು ಗುರುಮನೆಯಲ್ಲಿ ಒಂದೇ ಕೃತಿಯನ್ನು ಒಂದೊಂದು ಬಗೆಯಲ್ಲಿ ಹೇಳಿಕೊಡುತ್ತಾರಲ್ಲ, ಆ ಪಾಠಾಂತರದ ವಿಚಾರ. ಚರಣ ಹೊಸದಾಗಿತ್ತು, ಇದು ಯಾರ ಪಾಠಾಂತರ ಎಂದು ಕೇಳಿದರು.

"ನಮ್ಮ ದೊಡ್ಡಮ್ಮನದು" ಎಂದಳು. ಅವರು ನನಗೆ ಭಕ್ತಿಯಿಂದ ಕೈ ಮುಗಿದು ಹೋದರು!

ಇದೇನೇ ಎಂದು ಅವಳನ್ನು ಕೇಳಿದೆ.

"ಚರಣದಲ್ಲಿ ನೀನು ಒಂದು ಸಾಲು ಬಿಟ್ಟು ಮುಂದೆ ಹೋಗ್ಬಿಟ್ಟೆ ದೊಡ್ಡಮ್ಮ. ಸರಿಯಾದ್ದು ನಂಗೆ ಗೊತ್ತಿತ್ತು. ಆದ್ರೆ ನಿನ್ನೊಬ್ಳನ್ನೇ ಹೇಗೆ ಬಿಡ್ಲಿ? ನಾನೂ ಬಂದೆ."

ಕೈಯಲ್ಲಿದ್ದ ದೊನ್ನೆಯನ್ನು ತಂಗಿಗೆ ಕೊಟ್ಟು, ಚಪ್ಪರದ ತುಂಬ ಜನರಿದ್ದರೂ ನಾಚಿಕೆಯಿಲ್ಲದೆ ಅತ್ತುಬಿಟ್ಟೆ.