ಚರ್ಚಿನ ಆರ್ಗನ್ನೂ ನನ್ನ ಎಡಗೈಯೂ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ವಿದ್ಯೆ ನನಗೆ ಈ ವಯಸ್ಸಿನವರೆಗೂ ಕೈಹತ್ತಿಲ್ಲ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನಲವತ್ತು ವರ್ಷದಿಂದ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದೇನೆ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ದನಿ ಹೊರಡಿಸುವ ವಸ್ತುಗಳೆಲ್ಲ ನನಗೆ ಅಂಜಬೇಕು ಎಂಬ ಭಾವನೆ ಹೇಗೋ ಬೆಳೆದುಬಿಟ್ಟಿದೆ. ಒಮ್ಮೆ ಮನೆಯ ಮಿಕ್ಸರ್ ಗೊರಗೊರ ಎಂದಾಗ ಅದನ್ನೂ ಬಿಚ್ಚಿ ಕೂತಿದ್ದೆ. "ನಿಮಗ ಎಲ್ಲಾನೂ ಪೇಟಿನ ಕಾಣ್ತಾವ ನೋಡ್ರಿ," ಎಂದ ಹೆಂಡತಿ ಅಂದಿನಿಂದ ನನ್ನನ್ನು ಅಡುಗೆಮನೆಗೆ ಬಿಟ್ಟುಕೊಂಡಿಲ್ಲ.

ಹೀಗಿರುವಾಗ ಹಳೆಯ ಚರ್ಚೊಂದರ ಸೆಕ್ರೆಟರಿ ಅಂಗಡಿಗೆ ಬಂದರು. "ನಮ್ಮ ಪೈಪ್ ಆರ್ಗನ್ನಿನ್ಯಾಗ ಎರಡು ಸ್ವರ ಹೊರಡವಲ್ವು. ನೋಡಿ ಹೇಳ್ರಿ. ಅದರ ಆಯುಷ್ಯ ಮುಗದಿದ್ರ ತಗದು ಕೀಬೋರ್ಡ್ ತರ್ತೇವಿ," ಎಂದರು. ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟೆ. ಗೋಡೆಯೆತ್ತರಕ್ಕೆ ಬಂಗಾರದ ಬಣ್ಣದ ಕೊಳವೆಗಳು ಸಾಲಾಗಿ ನಿಂತಿದ್ದವು. ಮೂವತ್ತು ವರ್ಷದಿಂದ ಅದನ್ನು ನುಡಿಸುತ್ತಿದ್ದ ಸುಗುಣಾ ಟೀಚರು ಬೆಂಚಿನ ಮೇಲೆ ಕೂತು, ರೋಗಿಯ ಕಡೆಯವರು ಡಾಕ್ಟರನ್ನು ನೋಡುವಂತೆ ನನ್ನನ್ನೇ ನೋಡುತ್ತಿದ್ದರು. ನಾನು ಏಣಿ ಹತ್ತಿ ಒಂದೊಂದೇ ಕೊಳವೆ ತಟ್ಟಿದೆ, ಟಾರ್ಚ್ ಬಿಟ್ಟೆ. ಒಂದಕ್ಕೂ ಗಾಳಿಯ ದಾರಿಯೇ ಇರಲಿಲ್ಲ. "ಎರಡಷ್ಟ ಅಲ್ರಿ, ಎಲ್ಲಾ ಮುಚ್ಚಿಹೋಗ್ಯಾವ, ಉಳಿದ ಸ್ವರಾನೂ ಇವತ್ತಲ್ಲ ನಾಳೆ ನಿಲ್ತಾವ. ಇದರ ಕತಿ ಮುಗೀತು," ಎಂದು ತೀರ್ಪು ಕೊಟ್ಟೆ. ಸೆಕ್ರೆಟರಿ ಕೀಬೋರ್ಡ್ ಅಂಗಡಿಗೆ ಕರೆ ಮಾಡಲು ಫೋನ್ ತೆಗೆದರು.

"ಸ್ವಲ್ಪ ತಡೀರಿ," ಎಂದು ಟೀಚರು ಎದ್ದರು. "ಅವು ಹುಟ್ಟಿದಾಗಿಂದನ ಮೂಕ ಅದಾವ್ರಿ ಅಣ್ಣಾರ, ಬರೇ ಶೃಂಗಾರಕ್ಕ ನಿಂತಾವ. ಹಾಡೋವು ಹಿಂದ ಅದಾವ. ಬರ್ರಿ."

ಪಕ್ಕದ ಗಿಡ್ಡ ಬಾಗಿಲಿನಿಂದ ಬಗ್ಗಿ ಒಳಹೊಕ್ಕೆ. ನನಗಿಂತ ಎತ್ತರದ ಕಟ್ಟಿಗೆಯ ಕೊಳವೆಗಳಿಂದ ಹಿಡಿದು ಪೆನ್ಸಿಲ್ಲಿನಷ್ಟು ಸಣ್ಣ ತವರದವುಗಳವರೆಗೆ ನೂರಾರು ನಿಂತಿದ್ದವು, ಒಂದೊಂದಕ್ಕೂ ಒಂದೇ ಸ್ವರ. ಕೆಳಗೆ ಗಾಳಿ ತುಂಬಿಕೊಳ್ಳುವ, ಮಂಚದಷ್ಟು ದೊಡ್ಡ ತಿದಿ, ಅದರ ಮೇಲೆ ಭಾರಕ್ಕೆ ಇಟ್ಟಂಗಿ. ಇದೆಲ್ಲ ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದು, ರೈಲು ಇಳಿದು, ಎತ್ತಿನ ಚಕ್ಕಡಿಯಲ್ಲಿ ಚರ್ಚಿಗೆ ಬಂದದ್ದಂತೆ. ಟೀಚರ ಅಜ್ಜ ಇಲ್ಲಿಯೇ ನಿಂತು ಹಿಡಿಕೆ ಒತ್ತಿ ಗಾಳಿ ತುಂಬುತ್ತಿದ್ದರಂತೆ, ಈಗ ಮೋಟರಿದೆ. ಬೆರಳು ಒತ್ತುವ ಪಟ್ಟಿಗಳಿಂದ ಕೊಳವೆಗಳಿಗೆ ಹೋಗುವ ತಂತಿಗಳಲ್ಲಿ ಎರಡರ ಕೊಂಡಿ ಕಳಚಿದ್ದು ಕಂಡಿತು, ಸಿಕ್ಕಿಸಿದೆ. ಟೀಚರು ಹೊರಗೆ ಹೋಗಿ, ಮೂಕವಾಗಿದ್ದ ಆ ಎರಡು ಸ್ವರಗಳನ್ನೂ ಸೇರಿಸಿ ನುಡಿಸಿದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದೆನಲ್ಲ, ಸ್ವರ ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಅಲ್ಲಿಂದ ಎದೆಗೇರಿತು. ಇಂಥದ್ದನ್ನು ನನ್ನ ಒಂದು ಮಾತಿನಿಂದ ಗುಜರಿಗೆ ಕಳಿಸುತ್ತಿದ್ದೆನಲ್ಲ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಅಲ್ಲಿ ಧೂಳೂ ಬಹಳ ಇತ್ತು.

ಹೊರಬಂದು ಸೆಕ್ರೆಟರಿಗೆ, "ತಪ್ಪು ನಂದರಿ ಸಾಹೇಬ್ರ. ಆರ್ಗನ್ ಛಲೋ ಐತಿ, ನನಗ ತಿಳೀಲಿಲ್ಲ," ಎಂದೆ. ಅವರು ಫೋನನ್ನು ಕಿಸೆಗಿಟ್ಟರು. ಟೀಚರು ಬೆಂಚಿನಲ್ಲಿ ಸರಿದು, "ನೀವೂ ಒಂದೀಟು ನುಡಸ್ರಿ ಅಣ್ಣಾರ," ಎಂದರು.

ಕೂತು ಬಲಗೈಯಿಂದ ಷಡ್ಜ ಹಿಡಿದೆ. ಎಡಗೈ ಪೇಟಿಯ ತಿದಿ ಒತ್ತಲು ತಾನಾಗಿ ಮುಂದೆ ಹೋಗಿ, ಎದುರಿಗಿದ್ದ ಕೀರ್ತನೆಯ ಪುಸ್ತಕವನ್ನು ನೆಲಕ್ಕೆ ಕೆಡವಿತು.

"ಗಾಳಿ ಅದರ ಪಾಡಿಗೆ ಬರಾಕತ್ತೇತ್ರಿ," ಎಂದು ಟೀಚರು ಪುಸ್ತಕ ಎತ್ತಿಟ್ಟರು. "ನೀವು ಸುಮ್ನ ಕೂಡ್ರಿ."

ನಾನು ಒತ್ತದಿದ್ದರೂ ಷಡ್ಜ ಅಲುಗದೆ ನಿಂತಿತ್ತು. ನಲವತ್ತು ವರ್ಷ ದುಡಿದ ಎಡಗೈಯನ್ನು ಎಲ್ಲಿಡಬೇಕೋ ತಿಳಿಯದೆ, ತೊಡೆಯ ಕೆಳಗೆ ಸೇರಿಸಿಕೊಂಡು ಕೂತೆ.